ಕೈಗಾರಿಕಾ ಕ್ರಾಂತಿ: ಯಂತ್ರಗಳ ಪಟ್ಟಿ ಬಿಟ್ಟು ಉಳಿದದ್ದು

ಈ ಪಾಠವೆಂದರೆ ನಾವೆಲ್ಲ ಮೊದಲು ಬಾಯಿಪಾಠ ಮಾಡುವುದು ಸ್ಪಿನ್ನಿಂಗ್ ಜೆನ್ನಿ, ವಾಟರ್ ಫ್ರೇಮ್ ಎಂಬ ನೂಲುವ ಯಂತ್ರಗಳು, ಉಗಿಯಂತ್ರ. ಪರೀಕ್ಷೆಯ ಪ್ರಶ್ನೆ ‘ಸಾಮಾಜಿಕ ಪರಿಣಾಮ’ದ ಬಗ್ಗೆ ಇದ್ದರೆ ಆ ಯಂತ್ರಗಳ ಪಟ್ಟಿಯನ್ನು ಎರಡು ಸಾಲಿನಲ್ಲಿ ಮುಗಿಸಿ. ಉತ್ತರವನ್ನು ಗಡಿಯಾರದಿಂದ, ಅಂದರೆ ದುಡಿಮೆಯ ಹೊತ್ತು ಬದಲಾದ ಬಗೆಯಿಂದ ಶುರು ಮಾಡುವುದೇ ವಾಸಿ.

ಗಿರಣಿಗಳು ಬರುವ ಮೊದಲು ಇಂಗ್ಲೆಂಡಿನ ನೇಕಾರನ ಮಗ್ಗ ಇದ್ದದ್ದು ಮನೆಯಲ್ಲಿ. ನೂಲು ಕೊಡುವವನು ವ್ಯಾಪಾರಿ, ದುಡಿಯುವವರು ಮನೆಮಂದಿಯೆಲ್ಲ. ಕೂಲಿ ನೇಯ್ದ ಬಟ್ಟೆಗೆ, ಗಂಟೆಗಲ್ಲ. ಸೋಮವಾರ ಸುಮ್ಮನಿದ್ದು ವಾರದ ಕೊನೆಗೆ ರಾತ್ರಿಯಿಡೀ ನೇಯ್ದರೂ ಕೇಳುವವರಿರಲಿಲ್ಲ. (ಹಾಗಂತ ಅದು ಸುಖದ ಬದುಕಾಗಿರಲಿಲ್ಲ.) 1771ರಲ್ಲಿ ರಿಚರ್ಡ್ ಆರ್ಕ್‌ರೈಟ್ ಕ್ರಾಮ್‌ಫರ್ಡ್‌ನಲ್ಲಿ ನೀರಿನ ಬಲದ ಹತ್ತಿ ಗಿರಣಿ ಹಾಕಿದ. ಅಂಥ ಗಿರಣಿಗಳಲ್ಲಿ ಗಂಟೆ ಬಾರಿಸಿದಾಗ ಬಾಗಿಲಲ್ಲಿರಬೇಕು, ತಡವಾದರೆ ದಂಡ. ಮಕ್ಕಳಿಗೂ ವಿನಾಯಿತಿಯಿಲ್ಲ. 9 ವರ್ಷದೊಳಗಿನವರನ್ನು ಜವಳಿ ಗಿರಣಿಗೆ ಸೇರಿಸಬಾರದೆಂಬ 1833ರ ಕಾಯ್ದೆ ಓದಿದರೆ, ಅಲ್ಲಿಯವರೆಗೆ ಏನು ನಡೆಯುತ್ತಿತ್ತೆಂದು ತಿಳಿಯುತ್ತದೆ.

ಯಂತ್ರ ಬಂದ ಕೂಡಲೇ ಕೈಮಗ್ಗದವರು ಹಾಳಾದರು ಎಂದು ಬರೆಯಬೇಡಿ. ಮೊದಲು ಯಂತ್ರಕ್ಕೆ ಸಿಕ್ಕಿದ್ದು ನೂಲುವ ಕೆಲಸ. ನೂಲು ಹೇರಳವಾದಾಗ ನೇಕಾರರಿಗೆ ಬೇಡಿಕೆ ಏರಿತು. ಪವರ್‌ಲೂಮ್ (ಯಂತ್ರಬಲದಿಂದ ನಡೆಯುವ ಮಗ್ಗ) ಹರಡಿದ ಮೇಲೆ ಅವರ ಕೂಲಿ ಪೂರ್ತಿ ಕುಸಿಯಿತು.

ವರ್ಗಗಳ ವಿಷಯಕ್ಕೆ 1832 ಮುಖ್ಯ. ಆ ವರ್ಷದ ಸುಧಾರಣಾ ಕಾಯ್ದೆ ಗಿರಣಿ ಮಾಲೀಕರು, ವ್ಯಾಪಾರಿಗಳಂಥ ಮಧ್ಯಮ ವರ್ಗದವರಿಗೆ ಮತದ ಹಕ್ಕು ಕೊಟ್ಟಿತು. ಅವರ ಜೊತೆಗೇ ಬೀದಿಗಿಳಿದು ಹೋರಾಡಿದ ಕಾರ್ಮಿಕರ ಕೈಗೆ ಬಂದದ್ದು ಚಿಪ್ಪು. ಮತದ ಹಕ್ಕಿಗಾಗಿ ಕಾರ್ಮಿಕರು ನಡೆಸಿದ 1838ರ ಚಾರ್ಟಿಸ್ಟ್ ಚಳವಳಿಯ ಬೇರು ಆ ಸಿಟ್ಟಿನಲ್ಲೂ ಇದೆ.

ನಗರದ ಬಗ್ಗೆ ಒಂದೇ ಅಂಕಿ ನೆನಪಿಡುವುದಾದರೆ ದುಡಿಯುವ ಜನರ ಆರೋಗ್ಯ, ನೈರ್ಮಲ್ಯದ ಬಗೆಗಿನ 1842ರ ಎಡ್ವಿನ್ ಚಾಡ್ವಿಕ್ ವರದಿಯದ್ದಿರಲಿ. ಸಾಯುವಾಗಿನ ಸರಾಸರಿ ವಯಸ್ಸು ಮ್ಯಾಂಚೆಸ್ಟರಿನ ಕೂಲಿಕಾರರಲ್ಲಿ 17, ಹಳ್ಳಿಗಾಡಾದ ರಟ್ಲೆಂಡಿನ ಕೂಲಿಕಾರರಲ್ಲಿ 38. ಮ್ಯಾಂಚೆಸ್ಟರಿನ ಉಳ್ಳವರದ್ದೂ 38 ವರ್ಷವೇ! ಅಂದರೆ ನಗರದ ಸಾಹುಕಾರ ಹಳ್ಳಿಯ ಕೂಲಿಯವನಷ್ಟೇ ಬಾಳುತ್ತಿದ್ದ. ಆದರೆ ಎಲ್ಲರೂ 17ಕ್ಕೇ ಸಾಯುತ್ತಿದ್ದರು ಎಂದು ಅರ್ಥ ಮಾಡಿಕೊಳ್ಳಬೇಡಿ. ಶಿಶುಮರಣ ಸರಾಸರಿಯನ್ನು ಕೆಳಗೆ ಎಳೆದಿದೆ.

ನಗರದಲ್ಲಿ ಬೇಗ ಸಾಯಲು ಕಾರಣ ಕೊಳಚೆ, ಇಕ್ಕಟ್ಟು, ಕೆಟ್ಟ ನೀರು. 1851ರ ಜನಗಣತಿಯ ಹೊತ್ತಿಗೆ ಇಂಗ್ಲೆಂಡಿನ ಅರ್ಧಕ್ಕಿಂತ ಹೆಚ್ಚು ಜನ ಪಟ್ಟಣವಾಸಿಗಳಾಗಿದ್ದರು. ಚರಂಡಿಗಳು ಮಾತ್ರ ಆ ವೇಗಕ್ಕೆ ಬೆಳೆದಿರಲಿಲ್ಲ. ಕಾಲರಾಕ್ಕೆ ಸಾವಿರಾರು ಜನ ಸತ್ತಾಗ ಮೀನಮೇಷ ಎಣಿಸುತ್ತಿದ್ದ ಸಂಸತ್ತು, 1858ರ ಬೇಸಿಗೆಯಲ್ಲಿ ಥೇಮ್ಸ್ ನದಿಯ ದುರ್ನಾತ ತನ್ನ ಮೂಗಿಗೇ ಬಡಿದಾಗ ಕೆಲವೇ ವಾರಗಳಲ್ಲಿ ಕಾನೂನು ಮಾಡಿ, ಎಂಜಿನಿಯರ್ ಜೋಸೆಫ್ ಬ್ಯಾಜಲ್ಗೆಟ್‌ನ ಒಳಚರಂಡಿ ಯೋಜನೆಗೆ ಹಣದ ದಾರಿ ಮಾಡಿಕೊಟ್ಟಿತು.