ಸುಮ್ಮನಿದೆ ಅಂದರೆ ನೆಮ್ಮದಿಯಾಗಿದೆ ಅಂತಲ್ಲ: ವಿಮಾನ ಹತ್ತುವ ಮುಂಚಿನ ಕ್ರೇಟ್ ಪಾಠ

ನಾಯಿಯನ್ನೋ ಬೆಕ್ಕನ್ನೋ ವಿಮಾನದಲ್ಲಿ ಕರೆದೊಯ್ಯುವವರು ಟಿಕೆಟ್, ಲಸಿಕೆ, ಕಾಗದಪತ್ರ ಎಲ್ಲವನ್ನೂ ತಿಂಗಳುಗಟ್ಟಲೆ ಮುಂಚೆ ಹೊಂದಿಸಿಕೊಳ್ಳುತ್ತಾರೆ. ಪ್ರಾಣಿಯನ್ನು ಕೂರಿಸಿ ಕಳಿಸುವ ಪೆಟ್ಟಿಗೆ, ಅಂದರೆ ಕ್ರೇಟ್ ಮಾತ್ರ ಎಷ್ಟೋ ಸಲ ಕೊನೆಯ ವಾರದಲ್ಲಿ ಮನೆಗೆ ಬರುತ್ತದೆ. ಪ್ರಾಣಿಯನ್ನು ಹೇಗೋ ಒಳಗೆ ತಳ್ಳಿ ಬಾಗಿಲು ಹಾಕುತ್ತಾರೆ. ಅದು ಸ್ವಲ್ಪ ಹೊತ್ತು ಕೂಗುತ್ತದೆ, ಪರಚುತ್ತದೆ, ಆಮೇಲೆ ಸುಮ್ಮನಾಗುತ್ತದೆ. ‘ಸದ್ಯ, ಒಗ್ಗಿಕೊಂಡಿತು’ ಎಂದು ಮನೆಯವರು ನಿಟ್ಟುಸಿರು ಬಿಡುತ್ತಾರೆ. ನನ್ನ ತಕರಾರು ಇರುವುದು ಇಲ್ಲೇ. ಸುಮ್ಮನಾಗುವುದು ಬೇರೆ, ಒಗ್ಗಿಕೊಳ್ಳುವುದು ಬೇರೆ.

1967ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಮಾರ್ಟಿನ್ ಸೆಲಿಗ್ಮನ್ ಮತ್ತು ಸ್ಟೀವನ್ ಮೇಯರ್ ನಾಯಿಗಳ ಮೇಲೆ ಮಾಡಿದ ಪ್ರಯೋಗವೊಂದನ್ನು ಪ್ರಕಟಿಸಿದರು. ಈಗ ಓದಿದರೆ ಸಂಕಟವಾಗುತ್ತದೆ. ಕೆಲವು ನಾಯಿಗಳಿಗೆ ಏನು ಮಾಡಿದರೂ ತಪ್ಪಿಸಿಕೊಳ್ಳಲಾಗದ ಹಾಗೆ ವಿದ್ಯುತ್ ಶಾಕ್ ಕೊಟ್ಟರು. ಆಮೇಲೆ ಅವನ್ನು ಬೇರೊಂದು ಪೆಟ್ಟಿಗೆಯಲ್ಲಿ ಬಿಟ್ಟರು. ಅಲ್ಲಿ ನಡುವಿನ ಗಿಡ್ಡ ತಡೆಯನ್ನು ಹಾರಿದರೆ ಶಾಕ್‌ನಿಂದ ಪಾರಾಗಬಹುದಿತ್ತು. ಆದರೂ ಅವುಗಳಲ್ಲಿ ಹಲವು ಹಾರಲೇ ಇಲ್ಲ, ಸುಮ್ನೆ ಮಲಗಿ ಸಹಿಸಿಕೊಂಡವು. ಈ ನಾಯಿಗಳು ‘ನಿಸ್ಸಹಾಯಕತೆಯನ್ನು ಕಲಿತಿವೆ’ ಎಂದು ಆಗ ವಿವರಿಸಲಾಯಿತು. ಸುಮಾರು ಐವತ್ತು ವರ್ಷ ಕಳೆದ ಮೇಲೆ, 2016ರಲ್ಲಿ, ಅದೇ ಇಬ್ಬರು ತಮ್ಮ ವಿವರಣೆಯನ್ನು ತಿರುಗುಮುರುಗು ಮಾಡಿದರು. ಕಷ್ಟ ತುಂಬಾ ಹೊತ್ತು ಮುಂದುವರಿದರೆ ಕೈಚೆಲ್ಲಿ ಕೂರುವುದು ಮಿದುಳಿನ ಸಹಜ ಪ್ರತಿಕ್ರಿಯೆ, ಅದನ್ನು ಯಾರೂ ಕಲಿಯಬೇಕಿಲ್ಲ. ಕಲಿಯಬೇಕಾದದ್ದು ‘ಇಲ್ಲಿ ನನ್ನ ಕೈಯಲ್ಲೂ ಏನೋ ಇದೆ’ ಎಂಬ ಭರವಸೆಯನ್ನು. ಹಾಗೆಂದು ಅವರು ಬರೆದರು.

ಕ್ರೇಟ್‌ನಲ್ಲಿ ಕೂಗಿ ಕೂಗಿ ಸುಮ್ಮನಾದ ಪ್ರಾಣಿಯ ಬಗ್ಗೆ ಇದಕ್ಕಿಂತ ಮುಖ್ಯವಾದ ಮಾತು ನನಗೆ ಗೊತ್ತಿಲ್ಲ. ಅದು ಏನನ್ನೂ ಕಲಿತಿರಲಿಕ್ಕಿಲ್ಲ, ಸೋತಿರಬಹುದು ಅಷ್ಟೆ. ಈಜು ಬಾರದವರನ್ನು ಬಾವಿಗೆ ತಳ್ಳಿ ಈಜು ಕಲಿಸುವ ರೀತಿ ಇದು.

ಹಾಗಾದರೆ ಭಯ ಹೋಗುವುದು ಹೇಗೆ? ಇದಕ್ಕೂ ಹಳೆಯ ಪ್ರಯೋಗವೊಂದಿದೆ, ಅದೂ ಬೆಕ್ಕು ಮತ್ತು ಪಂಜರದ್ದೇ. 1940ರ ದಶಕದ ಕೊನೆಯಲ್ಲಿ ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗ್‌ನಲ್ಲಿ ಜೋಸೆಫ್ ವೋಲ್ಪೆ ಎಂಬ ವೈದ್ಯರು ಇದನ್ನು ಮಾಡಿದರು. ಪಂಜರದಲ್ಲಿ ಶಾಕ್ ತಿಂದ ಬೆಕ್ಕುಗಳು ಆಮೇಲೆ ಎಷ್ಟು ಹಸಿದಿದ್ದರೂ ಆ ಪಂಜರದೊಳಗೆ ಆಹಾರ ಮುಟ್ಟುತ್ತಿರಲಿಲ್ಲ. ಪಂಜರವಿದ್ದ ಕೋಣೆಗೆ ಬಂದರೂ ಹೆದರುತ್ತಿದ್ದವು. ವೋಲ್ಪೆ ಅವಕ್ಕೆ ಮೊದಲು ಆ ಕೋಣೆಯನ್ನು ಅಷ್ಟಾಗಿ ಹೋಲದ ಇನ್ನೊಂದು ಕೋಣೆಯಲ್ಲಿ ಊಟ ಕೊಟ್ಟರು. ಅಲ್ಲಿ ನಿರಾಳವಾಗಿ ತಿಂದ ಮೇಲೆ ಇನ್ನೂ ಸ್ವಲ್ಪ ಹೋಲುವ ಕೋಣೆ, ಆಮೇಲೆ ಅದೇ ಕೋಣೆ, ಆಮೇಲೆ ಪಂಜರದ ಹತ್ತಿರ, ಕೊನೆಗೆ ಪಂಜರದ ಒಳಗೆ. ಭಯವನ್ನು ಎಲ್ಲೂ ಒಮ್ಮೆಗೇ ಎದುರಿಸುವಂತೆ ಮಾಡಲಿಲ್ಲ. ಪ್ರತಿ ಹೆಜ್ಜೆಯಲ್ಲೂ ಹೆದರಿಕೆಗಿಂತ ಹಸಿವು ಜಾಸ್ತಿ ಇರುವ ಹಾಗೆ ನೋಡಿಕೊಂಡರು. ಮನುಷ್ಯರ ವಿಪರೀತ ಭಯಗಳಿಗೆ ಕೊಡುವ ಚಿಕಿತ್ಸೆಯೊಂದು ಬೆಳೆದದ್ದು ಇದೇ ಬೇರಿನಿಂದ.

ಇಲ್ಲಿ ಆಹಾರ ಬರೀ ಆಮಿಷವಲ್ಲ, ಅಳತೆಗೋಲೂ ಹೌದು. ಹೆದರಿದ ದೇಹದಲ್ಲಿ ಅಡ್ರಿನಲಿನ್ ಎಂಬ ಹಾರ್ಮೋನು ಏರುತ್ತದೆ. ರಕ್ತ ಹೊಟ್ಟೆಯ ಕಡೆಯಿಂದ ಸ್ನಾಯುಗಳ ಕಡೆಗೆ ತಿರುಗುತ್ತದೆ. ಜೀರ್ಣಕ್ರಿಯೆ ನಿಧಾನವಾಗುತ್ತದೆ. ಹಾಗಾಗಿ ತನಗೆ ಪ್ರಾಣವಾದ ತಿಂಡಿಯನ್ನೂ ನಾಯಿ ಮೂಸಿ ಬಿಟ್ಟರೆ, ಅದು ಹಟವಲ್ಲ, ಹೆದರಿಕೆ. ನಾವು ಒಂದು ಹೆಜ್ಜೆ ಹಿಂದೆ ಹೋಗಬೇಕು.

ಕ್ರೇಟ್ ವಿಷಯದಲ್ಲಿ ಈ ಹೆಜ್ಜೆಗಳು ಹೀಗಿರಬಹುದು. ಮೊದಲು ಅದನ್ನು ಮನೆಯವರೆಲ್ಲ ಓಡಾಡುವ ಜಾಗದಲ್ಲಿಡಿ. ಬಾಗಿಲನ್ನು ಬಿಚ್ಚಿಡಿ, ಇಲ್ಲವೇ ತಾನಾಗಿ ಮುಚ್ಚಿಕೊಳ್ಳದ ಹಾಗೆ ಕಟ್ಟಿಡಿ. ಬೆನ್ನಿಗೆ ಬಡಿಯುವ ಬಾಗಿಲು ಒಂದೇ ಸಲಕ್ಕೆ ವಾರಗಳ ಕೆಲಸ ಕೆಡಿಸಬಹುದು. ಭಯವನ್ನು ಕಲಿಯಲು ಮಿದುಳಿಗೆ ಒಂದು ಸಲ ಸಾಕು, ನೆಮ್ಮದಿಯನ್ನು ಕಲಿಯಲು ಎಷ್ಟೋ ಸಲ ಬೇಕು. ಬೆಕ್ಕಾದರೆ ಮೇಲಿನ ಅರ್ಧ ಭಾಗವನ್ನೇ ತೆಗೆದಿಡುವುದು ಒಳ್ಳೆಯದು. ಕೆಳಗಿನ ಭಾಗ ಆಗ ಬರೀ ಹಾಸಿಗೆಯಾಗುತ್ತದೆ. ನೀವು ಉಟ್ಟು ಬಿಟ್ಟ ಹಳೆಯ ಬಟ್ಟೆಯೊಂದನ್ನು ಒಗೆಯದೆ ಅದರಲ್ಲಿ ಹಾಕಿ. ಊಟದ ತಟ್ಟೆ ಇವತ್ತು ಕ್ರೇಟ್ ಪಕ್ಕದಲ್ಲಿರಲಿ, ಕೆಲವು ದಿನ ಬಿಟ್ಟು ಹೊಸ್ತಿಲಲ್ಲಿ, ಆಮೇಲೆ ಒಳಗೆ ಹಿಂಬದಿಯಲ್ಲಿ. ಒಳಗೆ ಹೋಗುವುದೂ ಹೊರಗೆ ಬರುವುದೂ ಅದರ ಇಷ್ಟ. ಕೈಯಿಂದ ತಳ್ಳುವ ಹಾಗೇ ಇಲ್ಲ. ‘ನನ್ನ ಕೈಯಲ್ಲೂ ಏನೋ ಇದೆ’ ಎಂದು ಪ್ರಾಣಿ ಕಲಿಯುವುದು ಈ ಹಂತದಲ್ಲೇ.

ಕೇಳದೆಯೇ ಒಳಗೆ ಹೋಗಿ ನಿದ್ದೆ ಮಾಡತೊಡಗಿದ ಮೇಲಷ್ಟೇ ಬಾಗಿಲಿನ ಮಾತು. ಒಂದೆರಡು ಸೆಕೆಂಡು ಮುಚ್ಚಿ, ಅದು ಗಾಬರಿಯಾಗುವ ಮೊದಲೇ ತೆಗೆಯಿರಿ. ನಂತರ ಅದು ತಿಂಡಿ ಮುಗಿಸುವವರೆಗೆ. ಆಮೇಲೆ ನೀವು ಪಕ್ಕದ ಕೋಣೆಗೆ ಹೋಗಿ ಬರುವವರೆಗೆ. ಕೂಗಿದಾಗ ತೆಗೆದರೆ ಕೂಗುವ ಚಟ ಕಲಿಯುತ್ತದೆ ಎಂದು ಕೆಲವರು ಹೇಳುತ್ತಾರೆ. ಗಮನ ಸೆಳೆಯಲು ಸಣ್ಣಗೆ ಕುಂಯ್ಗುಡುವುದಕ್ಕೆ ಆ ಮಾತು ಸರಿ ಇರಬಹುದು. ಜೊಲ್ಲು ಸುರಿಸಿಕೊಂಡು, ಸರಳು ಕಚ್ಚುತ್ತಾ ಒದ್ದಾಡುವ ಪ್ರಾಣಿಗೆ ಅದು ಖಂಡಿತ ಅನ್ವಯಿಸುವುದಿಲ್ಲ. ತೆಗೆದುಬಿಡಿ. ನಾವು ಅವಸರ ಮಾಡಿದ್ದೇವೆ ಎಂದು ಅದರರ್ಥ.

ನಾಯಿ ಗುಹೆಯ ಪ್ರಾಣಿ, ಕ್ರೇಟ್ ಅದಕ್ಕೆ ಹುಟ್ಟಿನಿಂದಲೇ ಇಷ್ಟ ಎಂಬ ಮಾತನ್ನೂ ಎಲ್ಲರೂ ಕೇಳಿರುತ್ತೇವೆ ಅಲ್ವಾ? ಆದರೆ ನಾಯಿಯ ಹತ್ತಿರದ ಸಂಬಂಧಿಗಳಾದ ತೋಳಗಳು ಗವಿಯನ್ನು ಬಳಸುವುದು ಮುಖ್ಯವಾಗಿ ಮರಿ ಹಾಕಿ ಸಾಕಲು. ಆ ಗವಿಗೂ ಬಾಗಿಲು, ಚಿಲಕ ಇರುವುದಿಲ್ಲ.

ಇಷ್ಟೆಲ್ಲ ತಾಳ್ಮೆಯಿಂದ ನಿಜಕ್ಕೂ ಪ್ರಯೋಜನವಿದೆಯೇ? 2018ರಲ್ಲಿ ಪ್ರಕಟವಾದ ವಿಯೆನ್ನಾದ ಅಧ್ಯಯನವೊಂದರಲ್ಲಿ 22 ಬೆಕ್ಕುಗಳಿದ್ದವು. ಅವುಗಳಲ್ಲಿ ಒಂದು ಗುಂಪಿಗೆ ಆರು ವಾರಗಳಲ್ಲಿ 28 ಸಲ ಕ್ಯಾರಿಯರ್ (ಬೆಕ್ಕನ್ನು ಹೊತ್ತೊಯ್ಯುವ ಪೆಟ್ಟಿಗೆ) ಅಭ್ಯಾಸ ಮಾಡಿಸಿದರು. ಆಮೇಲೆ ಎಲ್ಲವನ್ನೂ ಕಾರಿನಲ್ಲಿ ಕರೆದೊಯ್ದು ವೈದ್ಯಕೀಯ ತಪಾಸಣೆ ಮಾಡಿದಾಗ, ಅಭ್ಯಾಸವಾದ ಬೆಕ್ಕುಗಳಲ್ಲಿ ಒತ್ತಡದ ಲಕ್ಷಣ ಕಡಿಮೆಯಿತ್ತು. ತಪಾಸಣೆಯೂ ಬೇಗ ಮುಗಿಯಿತು.

ಕ್ರೇಟ್‌ನ ಅಳತೆಗೂ ನೆಮ್ಮದಿಗೂ ಸಂಬಂಧವಿದೆ. ವಿಮಾನ ಕಂಪನಿಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಐಎಟಿಎ ಇದಕ್ಕೊಂದು ಲೆಕ್ಕ ಕೊಟ್ಟಿದೆ. ಮೂಗಿನ ತುದಿಯಿಂದ ಬಾಲದ ಬುಡದವರೆಗಿನ ಉದ್ದಕ್ಕೆ, ನೆಲದಿಂದ ಮುಂಗಾಲಿನ ಮೊಣಕೈವರೆಗಿನ ಎತ್ತರದ ಅರ್ಧ ಸೇರಿಸಿದರೆ ಕ್ರೇಟ್‌ನ ಉದ್ದ. ಭುಜದ ಅಗಲದ ಎರಡರಷ್ಟು ಅಗಲ. ನಿಂತಾಗ ತಲೆ ಅಥವಾ ಕಿವಿಯ ತುದಿ, ಯಾವುದು ಮೇಲಿದೆಯೋ ಅಲ್ಲಿಯವರೆಗೆ ಎತ್ತರ. ಪಗ್, ಬುಲ್‌ಡಾಗ್‌ನಂಥ ಚಪ್ಪಟೆ ಮೂಗಿನ ತಳಿಗಳಿಗೆ ಇನ್ನೂ ಶೇ 10ರಷ್ಟು ದೊಡ್ಡದು ಬೇಕು. ಇದಕ್ಕೆ ಕಾರಣವಿದೆ. ನಾಯಿ ಬೆವರುವುದು ಹೆಚ್ಚುಕಡಿಮೆ ಪಾದಗಳಲ್ಲಿ ಮಾತ್ರ. ಮೈ ತಣ್ಣಗಾಗಲು ಅದು ನಾಲಿಗೆ ಚಾಚಿ ಏದುಸಿರು ಬಿಡಬೇಕು. ಮೂಗಿನ ದಾರಿ ಕಿರಿದಾದವಕ್ಕೆ ಇದೇ ಕಷ್ಟ. ಗಾಬರಿಯಾದರೆ ಏದುಸಿರು ಇನ್ನೂ ಹೆಚ್ಚುತ್ತದೆ, ಮುಚ್ಚಿದ ಪೆಟ್ಟಿಗೆ ಬಿಸಿಯಾಗುತ್ತದೆ. ಇಂಥ ನಾಯಿಗಳಿಗೆ ಕ್ರೇಟ್ ಅಭ್ಯಾಸ ಜೀವದ ಪ್ರಶ್ನೆ.

ಮನೆಯಲ್ಲಿ ನೆಮ್ಮದಿಯಾಗಿದ್ದ ಮಾತ್ರಕ್ಕೆ ವಿಮಾನದಲ್ಲೂ ಹಾಗೇ ಇರುತ್ತದೆ ಎಂದಲ್ಲ. ಕಲಿತದ್ದು ಕಲಿತ ಜಾಗಕ್ಕೆ ಅಂಟಿಕೊಂಡಿರುತ್ತದೆ, ಜಾಗ ಬದಲಾದರೆ ಹಳೆಯ ಭಯ ಮರಳಬಹುದು. ಹಾಗಾಗಿ ಕ್ರೇಟನ್ನು ಬೇರೆ ಬೇರೆ ಕೋಣೆಗಳಲ್ಲಿಡಿ. ಒಳಗೆ ಪ್ರಾಣಿ ಇರುವಾಗ ಒಂದಿಂಚು ಎತ್ತಿ ಇಳಿಸಿ, ನಾಲ್ಕು ಹೆಜ್ಜೆ ಹೊತ್ತು ನಡೆಯಿರಿ, ಕಾರಿನಲ್ಲಿ ಒಂದು ಸುತ್ತು ಹೋಗಿ ಬನ್ನಿ. ಕಾಲ ಕೆಳಗಿನ ನೆಲವೇ ಅಲುಗುವುದು ಬಾಗಿಲು ಮುಚ್ಚುವುದಕ್ಕಿಂತ ಬೇರೆಯದೇ ಆದ ಭಯ. ಎಂಜಿನ್ ಸದ್ದಿನ ರೆಕಾರ್ಡಿಂಗನ್ನು ನಿಮಗೇ ಕೇಳಿಸಿಯೂ ಕೇಳಿಸದಷ್ಟು ಮೆಲ್ಲಗೆ ಹಾಕಿ, ದಿನ ಕಳೆದಂತೆ ಏರಿಸಿ. ಬೆಕ್ಕು ನಾಯಿಗಳ ಕಿವಿ ನಮ್ಮದಕ್ಕಿಂತ ಬಹಳ ಚುರುಕು. ಬಾಗಿಲಿಗೆ ಸಿಕ್ಕಿಸುವ ನೀರಿನ ಬಟ್ಟಲಿನಿಂದ ಕುಡಿಯುವುದನ್ನೂ ಮೊದಲೇ ಕಲಿಸಬೇಕು. ಅದನ್ನು ಬಹಳ ಜನ ಮರೆಯುತ್ತಾರೆ. ಪ್ರಾಣಿಗಳನ್ನು ಇಡುವ ಕಾರ್ಗೋ ಭಾಗದಲ್ಲಿ ಗಾಳಿಯ ಒತ್ತಡ ನಾವು ಕೂರುವ ಕ್ಯಾಬಿನ್‌ನಷ್ಟೇ ಇರುತ್ತದೆ. ಆದರೆ ಅಲ್ಲಿ ಕತ್ತಲೆ ಇರುತ್ತದೆ, ಸದ್ದಿರುತ್ತದೆ, ಪರಿಚಯದ ಮುಖ ಒಂದೂ ಇರುವುದಿಲ್ಲ.

ಇಷ್ಟಾದರೂ ಭಯ ಪೂರ್ತಿ ಹೋಗದಿದ್ದರೆ? ನಿದ್ದೆ ಬರುವ ಔಷಧಿ ಕೊಟ್ಟು ಕಳಿಸೋಣ ಎಂದು ಅನಿಸುವುದು ಸಹಜ. ಅದು ಅಪಾಯದ ದಾರಿ. ಅಸೆಪ್ರೊಮಜಿನ್‌ನಂಥ ಮಂಪರು ಔಷಧಿ ರಕ್ತದ ಒತ್ತಡವನ್ನು ಇಳಿಸುತ್ತದೆ, ಮೈಯ ಶಾಖವನ್ನು ಹದದಲ್ಲಿಡುವ ಶಕ್ತಿಯನ್ನು ಕುಗ್ಗಿಸುತ್ತದೆ. ಕ್ರೇಟ್ ವಾಲಿದಾಗ ಪ್ರಾಣಿಗೆ ಕಾಲೂರಿ ನಿಲ್ಲಲಾಗದು. ಅದಕ್ಕಿಂತ ಕೆಟ್ಟದ್ದೆಂದರೆ, ಈ ಔಷಧಿ ಮೈಯ ಅಲುಗಾಟವನ್ನು ತಡೆಯುತ್ತದೆಯೇ ಹೊರತು ಭಯವನ್ನು ಅಷ್ಟಾಗಿ ಕಡಿಮೆ ಮಾಡುವುದಿಲ್ಲ. ಮತ್ತೆ ಅದೇ ಸುಮ್ಮನಿರುವ ಪ್ರಾಣಿ, ಅದೇ ಒಳಗಿನ ಹೆದರಿಕೆ. ಮಂಪರಿನಲ್ಲಿರುವ ಪ್ರಾಣಿಯನ್ನು ಹತ್ತಿಸಿಕೊಳ್ಳಲು ಅನೇಕ ವಿಮಾನ ಕಂಪನಿಗಳು ಒಪ್ಪುವುದೂ ಇಲ್ಲ. ಭಯವನ್ನೇ ತಗ್ಗಿಸುವ ಬೇರೆ ಔಷಧಿಗಳು ಇವೆ. ಆದರೆ ಅವು ನಿಮ್ಮ ಪ್ರಾಣಿಯ ಹೃದಯ, ವಯಸ್ಸು, ತಳಿ ಬಲ್ಲ ಪಶುವೈದ್ಯರೇ ಬರೆದುಕೊಡಬೇಕಾದವು. ಅವರು ಕೊಟ್ಟರೂ ವಿಮಾನ ಕಂಪನಿಯ ನಿಯಮ ಏನೆಂದು ಕೇಳಿಕೊಳ್ಳಿ, ಮೊದಲ ಗುಳಿಗೆಯನ್ನು ಪ್ರಯಾಣದ ದಿನ ಕೊಡಬೇಡಿ. ಕೆಲವು ವಾರ ಮುಂಚೆ, ಮನೆಯಲ್ಲಿ, ನೀವು ಇಡೀ ದಿನ ಪಕ್ಕದಲ್ಲಿರುವಾಗ ಕೊಟ್ಟು ನೋಡಿ. ಪ್ರಯಾಣದ ದಿನ ಹತ್ತಿರ ಬಂದರೂ ಪ್ರಾಣಿ ಕ್ರೇಟ್‌ನಲ್ಲಿ ತಿನ್ನದಿದ್ದರೆ, ಮಲಗದಿದ್ದರೆ, ಸಾಧ್ಯವಾದರೆ ಟಿಕೆಟ್ ಮುಂದೂಡಿ.