ಮರೆವಿನ ಕಾಯಿಲೆಯ ಹಿರಿಯರು ಮನೆ ಬಿಟ್ಟು ಹೊರಟಾಗ: ತರಬೇತಿಗೆ ಓದುವವರಿಗೆ ಟಿಪ್ಪಣಿ

ಪೊಲೀಸರ ಹೊಯ್ಸಳ ಗಸ್ತು ಗಾಡಿಯ ಸಿಬ್ಬಂದಿ, ಹೋಂ ಗಾರ್ಡ್‌ಗಳು, 108 ಆಂಬುಲೆನ್ಸ್‌ನವರು, ಬಸ್ ಕಂಡಕ್ಟರ್‌ಗಳು, ಅಪಾರ್ಟ್‌ಮೆಂಟ್ ಸೆಕ್ಯುರಿಟಿಯವರು, ಹೀಗೆ ತರಬೇತಿಗೆ ಓದಿಕೊಳ್ಳುತ್ತಿರುವ ಎಲ್ಲರಿಗೂ ಇದು. ಒಂದು ವಿಷಯ ಗಟ್ಟಿ ಮಾಡಿಕೊಂಡರೆ ಮಿಕ್ಕಿದ್ದು ತಾನಾಗಿ ಬರುತ್ತದೆ. ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಇರುವ ಹಿರಿಯರು ಸುಮ್ನೆ ಅಲೆಯುತ್ತಾರೆ ಅಂತ ನಮಗೆ ಅನಿಸುತ್ತದೆ. ಆದರೆ ಬಹಳ ಸಲ ಅವರ ಮನಸ್ಸಿನಲ್ಲಿ ಹೋಗಬೇಕಾದ ಜಾಗ ಒಂದು ಇರುತ್ತದೆ. ಅದು ಯಾವುದು ಅಂತ ಗೊತ್ತಾದರೆ ಹುಡುಕುವುದೂ ಮಾತಾಡಿಸುವುದೂ ಎಷ್ಟೋ ಸಲೀಸು.

ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಸುಮಾರು 88 ಲಕ್ಷ ಜನಕ್ಕೆ ಡಿಮೆನ್ಷಿಯಾ ಇದೆ ಅಂತ 2023ರಲ್ಲಿ ಬಂದ ಅಧ್ಯಯನದ ಅಂದಾಜು. ಈ ಕಾಯಿಲೆಯವರಲ್ಲಿ 10ಕ್ಕೆ 6 ಜನ ಒಂದಲ್ಲ ಒಂದು ಸಲ ಹೀಗೆ ಹೊರಟುಬಿಡುತ್ತಾರೆ ಅಂತ ಅಮೆರಿಕದ ಅಲ್ಝೈಮರ್ಸ್ ಅಸೋಸಿಯೇಷನ್ ಹೇಳುತ್ತದೆ. ಹಾಗಾಗಿ ಇದು ಅಪರೂಪದ ಕೇಸ್ ಅಲ್ಲ, ನಿಮ್ಮ ಡ್ಯೂಟಿಯಲ್ಲಿ ಬಂದೇ ಬರುತ್ತದೆ.

ಎಲ್ಲಿಗೆ ಹೊರಟಿರಬಹುದು?

ಈ ಕಾಯಿಲೆಯಲ್ಲಿ ಹೊಸ ನೆನಪು ಮೊದಲು ಅಳಿಸಿಹೋಗುತ್ತದೆ, ಹಳೆಯದು ಉಳಿಯುತ್ತದೆ. ಈಗಿರುವ ಫ್ಲ್ಯಾಟ್ ಅವರ ಪಾಲಿಗೆ ಮನೆಯೇ ಅಲ್ಲದಿರಬಹುದು. ಬೆಂಗಳೂರಿನ ಜಾಲಹಳ್ಳಿಯ ಎಚ್‌ಎಂಟಿ ವಾಚ್ ಕಾರ್ಖಾನೆ 2016ರಲ್ಲೇ ಮುಚ್ಚಿತು. ಆದರೂ ಅಲ್ಲಿ ದುಡಿದವರು ಬೆಳಗಾಗುತ್ತಲೇ ಶರ್ಟ್ ಹಾಕಿಕೊಂಡು ಫಸ್ಟ್ ಶಿಫ್ಟ್‌ಗೆ ಹೊರಡಬಹುದು. ಸಂಜೆ ಗೊಂದಲ ಜಾಸ್ತಿಯಾಗುವುದೂ ಸಾಮಾನ್ಯ. "ಮನೆಗೆ ಹೋಗ್ತೀನಿ" ಅನ್ನುತ್ತಾರೆ, ಮನೆಯಲ್ಲೇ ಇರುತ್ತಾರೆ.

ಅದಕ್ಕೇ ಮನೆಯವರನ್ನು ಬರೀ ಬಟ್ಟೆಯ ಬಣ್ಣ ಕೇಳಿ ಬಿಡಬೇಡಿ. ಮೊದಲು ಎಲ್ಲಿ ವಾಸ ಇದ್ದರು, ಎಲ್ಲಿ ಕೆಲಸ ಮಾಡಿದರು, ಯಾವ ದೇವಸ್ಥಾನಕ್ಕೆ ಹೋಗುತ್ತಿದ್ದರು, ಹಿಂದಿನ ಸಲ ಎಲ್ಲಿ ಸಿಕ್ಕರು, ಇವನ್ನೂ ಕೇಳಿ. ಬ್ರಿಟನ್ನಿನಲ್ಲಿ ಇದಕ್ಕೆಂದೇ ಹರ್ಬರ್ಟ್ ಪ್ರೊಟೊಕಾಲ್ ಅನ್ನುವ ಫಾರಂ ಇದೆ. ಎರಡನೇ ಮಹಾಯುದ್ಧದಲ್ಲಿ ನಾರ್ಮಂಡಿಗೆ ಹೋಗಿದ್ದ ಜಾರ್ಜ್ ಹರ್ಬರ್ಟ್ ಅನ್ನುವ ಸೈನಿಕರ ಹೆಸರು ಅದು. ಬಾಲ್ಯದ ಮನೆ ಹುಡುಕಿಕೊಂಡು ಹೊರಟು ಅವರು ತೀರಿಕೊಂಡರು. ಫೋಟೊ, ಹಳೇ ವಿಳಾಸಗಳು, ಔಷಧಿ, ಎಲ್ಲವನ್ನೂ ಮನೆಯವರು ಈ ಫಾರಂನಲ್ಲಿ ಮುಂಚೆಯೇ ಬರೆದಿಟ್ಟು, ಬೇಕಾದಾಗ ಪೊಲೀಸರ ಕೈಗೆ ಕೊಡುತ್ತಾರೆ. ನಮ್ಮ ಬೀಟ್‌ನ ಪ್ರತಿ ಮನೆಯಲ್ಲೂ ಇಂಥ ಒಂದು ಹಾಳೆ ಇರಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಖರ್ಚೇನೂ ಇಲ್ಲ.

ಇನ್ನೊಂದು ಮಾತು. 24 ಗಂಟೆ ಕಾದು ದೂರು ಕೊಡಬೇಕು ಅನ್ನುವ ಕಾನೂನು ಎಲ್ಲೂ ಇಲ್ಲ. ಗೊತ್ತಾದ ತಕ್ಷಣ 112ಕ್ಕೆ ಫೋನ್ ಮಾಡಲು ಹೇಳಿ. ಇಲ್ಲಿ ಪ್ರತಿ ಗಂಟೆಗೂ ಬೆಲೆ ಇದೆ.

ಹುಡುಕುವಾಗ

ನಡೆದು ಹೋದವರು ಬಹುತೇಕ ಹತ್ತಿರದಲ್ಲೇ ಸಿಗುತ್ತಾರೆ. ಒಂದೇ ದಿಕ್ಕಿಗೆ ನಡೆದು, ಮುಂದೆ ಹೋಗಲಾಗದ ಕಡೆ ಸಿಕ್ಕಿಹಾಕಿಕೊಳ್ಳುತ್ತಾರೆ. ನಮ್ಮೂರಲ್ಲಿ ಅಂದರೆ ರಾಜಕಾಲುವೆ, ಕೆರೆಯಂಚು, ಖಾಲಿ ಸೈಟಿನ ಪೊದೆ, ಅರ್ಧ ಕಟ್ಟಿದ ಮನೆ. ಹೆಸರು ಹಿಡಿದು ಕೂಗಿದರೆ ಓಗೊಡದೆ ಇರಬಹುದು, ಆದ್ದರಿಂದ ಒಳಗೆ ಇಣುಕಿ ಕಣ್ಣಾರೆ ನೋಡಲೇಬೇಕು. ಮನೆಯ ಮಹಡಿ, ಸಂಪಿನ ಸುತ್ತ, ನಿಂತ ಕಾರಿನ ಒಳಗೆ ಮೊದಲು ನೋಡಿ.

ಬಸ್ ಹತ್ತಿದರೆ ಲೆಕ್ಕ ಬದಲಾಗುತ್ತದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಗುರುತಿನ ಚೀಟಿ ಇರುವ ಅಜ್ಜಿ ಕೈಯಲ್ಲಿ ಕಾಸಿಲ್ಲದೆಯೂ ಮೆಜೆಸ್ಟಿಕ್ ತಲುಪಬಹುದು. ಆದರೆ ಶೂನ್ಯ ಟಿಕೆಟ್ ಕೈಯಲ್ಲೋ ಚೀಲದಲ್ಲೋ ಇರುತ್ತದಲ್ಲ, ಎಲ್ಲಿ ಹತ್ತಿದರು ಅಂತ ಅದರಿಂದ ಗೊತ್ತಾಗುತ್ತದೆ.

ಸಿಕ್ಕಾಗ ಮಾತಾಡಿಸುವುದು

ಉರಿಬಿಸಿಲಲ್ಲಿ ಸ್ವೆಟರ್, ಬೇರೆ ಬೇರೆ ಜೋಡಿಯ ಚಪ್ಪಲಿ, ಕೇಳಿದ್ದನ್ನೇ ಮತ್ತೆ ಕೇಳುವುದು, ಇವು ಗುರುತುಗಳು. ಕುಡಿದಿದ್ದಾರೆ ಅಂತ ತಪ್ಪು ತಿಳಿಯುವುದು ಸುಲಭ. ಸೈರನ್ ಆಫ್ ಮಾಡಿ. ಎದುರಿನಿಂದ, ಕಾಣುವ ಹಾಗೆ, ನಿಧಾನವಾಗಿ ಬನ್ನಿ. ಸುತ್ತ ಜನ ಸೇರಲು ಬಿಡಬೇಡಿ. ಒಬ್ಬರೇ ಮಾತಾಡಿ.

"ನಮಸ್ಕಾರ ಅಮ್ಮ. ಎಲ್ಲಿಗೆ ಹೊರಟಿದ್ದೀರಾ?"

"ಮಗಳನ್ನ ಸ್ಕೂಲಿಂದ ಕರ್ಕೊಂಡು ಬರ್ಬೇಕಪ್ಪ, ಹೊತ್ತಾಯ್ತು."

ಆ ಮಗಳಿಗೆ ಈಗ 50 ವರ್ಷ ಆಗಿರಬಹುದು. ಅದನ್ನು ಹೇಳಬೇಡಿ. ಹೇಳಿದರೆ ಭಯ, ಕೋಪ, ಆಮೇಲೆ ಓಟ. "ಹೌದಾ ಅಮ್ಮ? ಮಗಳ ಹೆಸರೇನು? ಬಿಸಿಲು ಜಾಸ್ತಿ ಇದೆ, ಇಲ್ಲಿ ನೆರಳಲ್ಲಿ ಕೂತ್ಕೊಂಡು ನೀರು ಕುಡೀರಿ" ಅನ್ನಿ. ಹೆಸರು ಸಿಕ್ಕಿತು, ಅವರು ಕೂತರು, ನೀರೂ ಕುಡಿದರು. ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳಿ, ಉತ್ತರಕ್ಕೆ ಕಾಯಿರಿ. ಕೈ ಹಿಡಿದು ಎಳೆಯಬೇಡಿ.

ಬೆಂಗಳೂರಲ್ಲಿ ಭಾಷೆಯ ಕಡೆಗೂ ಗಮನ ಬೇಕು. ಆಮೇಲೆ ಕಲಿತ ಭಾಷೆ ಮೊದಲು ಹೋಗಿ, ತಾಯ್ನುಡಿ ಕೊನೆಯವರೆಗೆ ಉಳಿಯಬಹುದು. ಕನ್ನಡಕ್ಕೆ ಉತ್ತರ ಬರದಿದ್ದರೆ ತಮಿಳು, ತೆಲುಗು, ಉರ್ದು ಬರುವವರನ್ನು ಕರೆಯಿರಿ.

ಗುರುತಿಗೆ ಜೇಬಿನ ಚೀಟಿ ಸಿಗದಿದ್ದರೆ ಶರ್ಟಿನ ಕಾಲರ್ ಒಳಗೆ ನೋಡಿ. ಹೊಲಿಸಿದ ಬಟ್ಟೆಯಾದರೆ ಟೈಲರ್ ಅಂಗಡಿಯ ಲೇಬಲ್ ಇರುತ್ತದೆ, ಎಷ್ಟೋ ಸಲ ಬಡಾವಣೆಯ ಹೆಸರೂ ಇರುತ್ತದೆ. ದಿಢೀರಂತ ಗೊಂದಲ ಶುರುವಾಗಿದ್ದರೆ, ಮೈ ಬೆವರುತ್ತಿದ್ದರೆ ಸಕ್ಕರೆ ಇಳಿದಿರಬಹುದು. ಮರೆವು ಅಂತ ಬಿಡದೆ 108ಕ್ಕೆ ಕರೆ ಮಾಡಿ.

ಮನೆಗೆ ಸೇರಿಸಿದ ಮೇಲೆ

ಮನೆಯವರನ್ನು ಬೈಯಬೇಡಿ. ಹಗಲೂ ರಾತ್ರಿ ಕಾದು ಸೋತಿರುತ್ತಾರೆ. ಹಿರಿಯರ ಸಹಾಯವಾಣಿ 14567 ಬರೆದುಕೊಡಿ, ನಿಮ್ಹಾನ್ಸ್‌ನಲ್ಲಿ ತೋರಿಸಬಹುದು ಅಂತ ತಿಳಿಸಿ. ಹೊರಡುವ ಮುಂಚೆ, ಈ ಸಲ ಎಷ್ಟು ಹೊತ್ತಿಗೆ, ಎಲ್ಲಿ ಸಿಕ್ಕರು, ಎಲ್ಲಿಗೆ ಹೋಗುತ್ತೀನಿ ಅಂದರು ಅನ್ನುವುದನ್ನು ಮೊದಲು ಹೇಳಿದ ಆ ವಿವರದ ಹಾಳೆಯಲ್ಲಿ ಬರೆಸಿ. ಒಮ್ಮೆ ಹೊರಟವರು ಮತ್ತೆ ಹೊರಡುವುದು ಹೆಚ್ಚು. ಮುಂದಿನ ಸಲ ಹುಡುಕಾಟ ಶುರುವಾಗಬೇಕಾದ್ದು ಆ ಸಾಲಿನಿಂದಲೇ.