ಹಳೆಯ ಕಾರಿನ ಎಂಜಿನ್ನಿಗೆ ಗಾಳಿ ಹೋಗುವ ದಾರಿಯನ್ನು ಮನೆಯಲ್ಲೇ ಶುಚಿ ಮಾಡಿಕೊಳ್ಳಬಹುದೇ?

ಪ್ರಶ್ನೆ: ನನ್ನ ಪೆಟ್ರೋಲ್ ಕಾರಿಗೆ ಹದಿನೈದು ವರ್ಷ ದಾಟಿದೆ. ಓಡುವಾಗ ಏನೂ ತೊಂದರೆ ಇಲ್ಲ. ಆದರೆ ಸಿಗ್ನಲ್‌ನಲ್ಲಿ ನಿಂತಾಗ ಎಂಜಿನ್ ನಡುಗುತ್ತದೆ, ಒಮ್ಮೊಮ್ಮೆ ಆಫ್ ಆಗಿಬಿಡುತ್ತದೆ. ಥ್ರಾಟಲ್ ಬಾಡಿಯಲ್ಲಿ ಕಾರ್ಬನ್ ಕಟ್ಟಿರಬೇಕು ಎಂದು ಹಲವರು ಹೇಳುತ್ತಾರೆ. ಸ್ಪ್ರೇ ಡಬ್ಬಿ ತಂದು ನಾನೇ ಕ್ಲೀನ್ ಮಾಡಿಕೊಳ್ಳಬಹುದೇ?

ಉತ್ತರ: ಎಂಜಿನ್ನಿಗೆ ಹೋಗುವ ಗಾಳಿಯನ್ನು ತಿರುಗುವ ತಟ್ಟೆಯೊಂದರಿಂದ ಹೆಚ್ಚು ಕಡಿಮೆ ಮಾಡುವ ಥ್ರಾಟಲ್ ಬಾಡಿಯನ್ನು ನೀವೇ ಶುಚಿ ಮಾಡಿಕೊಳ್ಳಬಹುದು. ಅದರ ಜೊತೆಗೆ ಏರ್ ಫಿಲ್ಟರಿನ ಡಬ್ಬಿ, ಗಾಳಿಯನ್ನು ಅಳೆಯುವ ಸೆನ್ಸರ್ ಮತ್ತು ಎಂಜಿನ್ನಿನ ತಳಭಾಗವಾದ ಕ್ರ್ಯಾಂಕ್‌ಕೇಸಿನ ಆವಿಯನ್ನು ಹೊತ್ತು ತರುವ ಪಿಸಿವಿ ವಾಲ್ವ್ ಕೂಡ ಸಾಮಾನ್ಯ ಸಲಕರಣೆಗಳಿಂದ ಆಗುವ ಕೆಲಸಗಳೇ. ಆದರೆ ಅಲ್ಲಿಂದ ಮುಂದಕ್ಕೆ, ಅಂದರೆ ಗಾಳಿಯನ್ನು ಸಿಲಿಂಡರುಗಳಿಗೆ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡಿನ ಒಳಗೆ ಮತ್ತು ವಾಲ್ವುಗಳ ಬೆನ್ನಿನ ಮೇಲೆ ಕೂತಿರುವ ಮಸಿಯನ್ನು ಡಬ್ಬಿಯ ಸ್ಪ್ರೇಯಿಂದ ತೆಗೆಯುತ್ತೇನೆ ಎಂದು ಹೊರಡುವುದು ಬೇರೆಯೇ ಮಾತು. ಕಣ್ಣಿಗೆ ಕಾಣುವ, ಬಟ್ಟೆಯಿಂದ ಒರೆಸಿ ಹೊರತೆಗೆಯಬಹುದಾದ ಕೊಳೆಯನ್ನು ಮಾತ್ರ ಮನೆಯಲ್ಲಿ ಮುಟ್ಟಬೇಕು ಎಂಬುದು ನನ್ನ ನಿಲುವು. ಅದಕ್ಕೂ ಮೊದಲು, ನಡುಕಕ್ಕೆ ನಿಜವಾಗಿಯೂ ಕೊಳೆಯೇ ಕಾರಣವೇ ಎಂದು ನೋಡಿಕೊಳ್ಳಬೇಕು.

ಫಿಲ್ಟರಿನಲ್ಲಿ ಸೋಸಿ ಬಂದ ಗಾಳಿ ಹರಿಯುವ ದಾರಿಗೆ ಜಿಡ್ಡು ಎಲ್ಲಿಂದ ಬರುತ್ತದೆ? ಪಿಸ್ಟನ್ ರಿಂಗುಗಳ ಪಕ್ಕದಿಂದ ಸ್ವಲ್ಪ ಸ್ವಲ್ಪವಾಗಿ ಕೆಳಕ್ಕೆ ನುಸುಳುವ ದಹನದ ಅನಿಲ ಕ್ರ್ಯಾಂಕ್‌ಕೇಸಿನಲ್ಲಿ ಎಂಜಿನ್ ಆಯಿಲಿನ ಆವಿಯೊಡನೆ ಬೆರೆಯುತ್ತದೆ. ಅದನ್ನು ಹೊರಗಿನ ಗಾಳಿಗೆ ಬಿಡದೆ ಮತ್ತೆ ಎಂಜಿನ್ನಿಗೇ ಉಣಿಸಿ ಸುಟ್ಟುಬಿಡುವ ಏರ್ಪಾಡು 1960ರ ದಶಕದಿಂದ ಕಾರುಗಳಲ್ಲಿ ಸಾಮಾನ್ಯವಾಯಿತು. ಪಿಸಿವಿ ಎಂದು ಕರೆಯುವುದು ಇದನ್ನೇ. ಹಲವು ಎಂಜಿನ್ನುಗಳಲ್ಲಿ ಇದರ ಜೊತೆಗೆ ಇಜಿಆರ್ ಮೂಲಕ ಎಕ್ಸಾಸ್ಟಿನ ಒಂದು ಪಾಲು ಹಿಂದಿರುಗಿ ಬಂದು ಮಸಿಯನ್ನೂ ತರುತ್ತದೆ. ಎಂಜಿನ್ ನಿಂತ ಮೇಲೆ ಮ್ಯಾನಿಫೋಲ್ಡಿನಲ್ಲಿ ಉಳಿದ ಬಿಸಿ ಆವಿ ಹಿಂದಕ್ಕೆ ಹರಡಿ, ತಣ್ಣಗಿರುವ ಥ್ರಾಟಲ್ ತಟ್ಟೆಯ ಮೇಲೆ ಕೂತು, ದಿನಗಳೆದಂತೆ ಗಟ್ಟಿಯಾದ ಕಂದು ಪದರವಾಗುತ್ತದೆ. ಆದ್ದರಿಂದಲೇ ತಟ್ಟೆಯ ಮುಂಭಾಗ ಸ್ವಚ್ಛವಾಗಿದ್ದರೂ ಎಂಜಿನ್ನಿನ ಕಡೆಗಿರುವ ಹಿಂಭಾಗ ಕಪ್ಪಾಗಿರುವುದು ಸಾಮಾನ್ಯ.

ಈ ಪದರ ಓಡುವಾಗ ಕಾಟ ಕೊಡದೆ ನಿಂತಾಗ ಮಾತ್ರ ಕೊಡುವುದಕ್ಕೆ ಕಾರಣ ಸರಳವಾಗಿದೆ. ಐಡ್ಲಿಂಗ್‌ನಲ್ಲಿ, ಅಂದರೆ ಎಂಜಿನ್ ನಿಮಿಷಕ್ಕೆ ಸುಮಾರು 650ರಿಂದ 850 ಸುತ್ತು ತಿರುಗುತ್ತಿರುವಾಗ, ತಟ್ಟೆ ಬಹುಪಾಲು ಮುಚ್ಚಿಯೇ ಇರುತ್ತದೆ ಮತ್ತು ಗಾಳಿ ಅದರ ಅಂಚಿನ ಕೂದಲೆಳೆಯಷ್ಟು ಸಂದಿಯಿಂದಲೋ ಪಕ್ಕದ ಸಣ್ಣ ಕಾಲುದಾರಿಯಿಂದಲೋ ನುಗ್ಗಬೇಕಾಗುತ್ತದೆ. ತಟ್ಟೆ ಅಗಲವಾಗಿ ತೆರೆದಾಗ ಲೆಕ್ಕಕ್ಕೇ ಬಾರದ ತೆಳು ಪದರ ಆ ಸಂದಿಯ ಗಣನೀಯ ಭಾಗವನ್ನು ಮುಚ್ಚಿಬಿಡುತ್ತದೆ. ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು ಇದನ್ನು ಗಮನಿಸಿ, ಐಡಲ್ ಕಂಟ್ರೋಲ್ ವಾಲ್ವನ್ನೋ ತಟ್ಟೆಯನ್ನೋ ಸ್ವಲ್ಪ ಸ್ವಲ್ಪವೇ ಹೆಚ್ಚು ತೆರೆದು ಕೊರತೆಯನ್ನು ತುಂಬಿಕೊಳ್ಳುತ್ತ ಹೋಗುತ್ತದೆ. ಆ ಹೊಂದಾಣಿಕೆಯ ಮಿತಿ ಮುಗಿದ ದಿನ ಎಂಜಿನ್ ನಡುಗತೊಡಗುತ್ತದೆ. ಕೊಳೆ ವರ್ಷಗಟ್ಟಲೆ ಕೂಡುತ್ತ ಬಂದಿದ್ದರೂ ತೊಂದರೆ ದಿಢೀರನೆ ಬಂದಂತೆ ಕಾಣುವುದು ಇದರಿಂದ.

ಆದರೆ ಇದೇ ಲಕ್ಷಣವನ್ನು ಸವೆದ ಸ್ಪಾರ್ಕ್ ಪ್ಲಗ್, ಸೋತ ಇಗ್ನಿಷನ್ ಕಾಯಿಲ್, ಹರಿದ ಎಂಜಿನ್ ಮೌಂಟ್ ಅಥವಾ ಸೀಳಿದ ರಬ್ಬರ್ ಹೋಸ್ ಕೂಡ ತೋರಿಸಬಲ್ಲವು. ಹಳೆಯ ಕಾರಿನಲ್ಲಿ ನಾನು ಮೊದಲು ಅನುಮಾನಿಸುವುದು ಹೋಸುಗಳನ್ನೇ. ಫಿಲ್ಟರ್ ಡಬ್ಬಿಯಿಂದ ಥ್ರಾಟಲ್ ಬಾಡಿಗೆ ಬರುವ ಮಡಿಕೆಗಳ ರಬ್ಬರ್ ಕೊಳವೆ ಮೇಲ್ನೋಟಕ್ಕೆ ಚೆನ್ನಾಗಿಯೇ ಇರುತ್ತದೆ, ಬಿರುಕು ಮಡಿಕೆಯ ತಳದಲ್ಲಿ ಅಡಗಿರುತ್ತದೆ. ಕೈಯಿಂದ ಎಳೆದು ಬಾಗಿಸಿದಾಗ ಮಾತ್ರ ಬಾಯಿ ಬಿಡುತ್ತದೆ. ಎಂಜಿನ್ ಚಾಲೂ ಇದ್ದಾಗ ಬಾನೆಟ್ಟಿನ ಕೆಳಗೆ ಸುಯ್ಯೆನ್ನುವ ಸದ್ದು ಕೇಳಿದರೆ ಎಲ್ಲೋ ಹೊರಗಿನ ಗಾಳಿ ಕಳ್ಳದಾರಿಯಿಂದ ಒಳ ಹೋಗುತ್ತಿದೆ ಎಂದರ್ಥ. ಆ ಜಾಗವನ್ನು ಹುಡುಕಲು ಚಾಲೂ ಎಂಜಿನ್ನಿನ ಮೇಲೆ ಕ್ಲೀನರ್ ಚಿಮುಕಿಸುವ ಅಭ್ಯಾಸ ಹಲವರಿಗಿದೆ. ಬಿಸಿ ಎಕ್ಸಾಸ್ಟ್ ಪಕ್ಕದಲ್ಲೇ ಇರುವಾಗ ಬೆಂಕಿ ಹೊತ್ತುವ ದ್ರವವನ್ನು ಸಿಂಪಡಿಸುವ ಈ ಪರೀಕ್ಷೆಯನ್ನು ದಯವಿಟ್ಟು ಬಿಟ್ಟುಬಿಡಿ.

ಕಾರಿನಲ್ಲಿ ಇಸಿಯುವಿನ ಮಾಹಿತಿ ಓದಲು ಸ್ಕ್ಯಾನರ್ ಸಿಕ್ಕಿಸುವ ಓಬಿಡಿ-2 ಸಾಕೆಟ್ ಇದ್ದರೆ, ಸಾಮಾನ್ಯ ಸ್ಕ್ಯಾನರಿನಲ್ಲಿ ಫ್ಯುಯಲ್ ಟ್ರಿಮ್ ಅಂಕಿಗಳನ್ನು ನೋಡುವುದರಿಂದ ಊಹಿಸುವ ಕೆಲಸ ಅರ್ಧ ಕಡಿಮೆಯಾಗುತ್ತದೆ. ಒಂದು ಭಾಗ ಪೆಟ್ರೋಲಿಗೆ ತೂಕದಲ್ಲಿ ಸುಮಾರು 14.7 ಭಾಗ ಗಾಳಿ ಎಂಬ ಪ್ರಮಾಣವನ್ನು ಕಾಯ್ದುಕೊಳ್ಳಲು ಇಸಿಯು ಇಂಧನವನ್ನು ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಎಂಬುದನ್ನು ಈ ಅಂಕಿ ಶೇಕಡಾದಲ್ಲಿ ಹೇಳುತ್ತದೆ. ಗಾಳಿಯ ಹರಿವನ್ನೇ ಅಳೆಯುವ ಮ್ಯಾಫ್ ಸೆನ್ಸರ್ ಇರುವ ಕಾರಿನಲ್ಲಿ, ಐಡ್ಲಿಂಗ್‌ನಲ್ಲಿ ಟ್ರಿಮ್ ಬಹಳ ಮೇಲಿದ್ದು 2,500 ಸುತ್ತಿಗೆ ಏರಿಸಿದಾಗ ಸಹಜಕ್ಕೆ ಇಳಿದರೆ ಸಂಶಯ ಗಾಳಿಯ ಸೋರಿಕೆಯ ಮೇಲೆ ಹೋಗಬೇಕು. ಎಂಜಿನ್ನಿನ ಮೇಲೆ ಭಾರ ಬಿದ್ದಂತೆಲ್ಲ ಟ್ರಿಮ್ ಏರುತ್ತಿದ್ದರೆ ಕೊಳಕಾದ ಮ್ಯಾಫ್ ಸೆನ್ಸರ್ ಅಥವಾ ಇಂಧನದ ಕೊರತೆ ಕಾರಣವಾಗಿರುತ್ತದೆ. ಮ್ಯಾನಿಫೋಲ್ಡಿನ ಒತ್ತಡವನ್ನು ಅಳೆಯುವ ಮ್ಯಾಪ್ ಸೆನ್ಸರಿನ ಕಾರುಗಳಲ್ಲಿ ಸೋರಿಕೆ ಟ್ರಿಮ್‌ನಲ್ಲಿ ಅಷ್ಟಾಗಿ ಕಾಣದೆ, ಏರಿದ ಐಡ್ಲಿಂಗ್ ಆಗಿ ಕಾಣುವುದೇ ಹೆಚ್ಚು. ಇನ್ನು ಥ್ರಾಟಲ್ ಬಾಡಿ ಬರಿದೇ ಕೊಳಕಾಗಿದ್ದರೆ ಟ್ರಿಮ್ ಹೆಚ್ಚು ಕೆಡುವುದಿಲ್ಲ, ಏಕೆಂದರೆ ಒಳ ಹೋಗುವ ಗಾಳಿ ಕಡಿಮೆಯಾದರೂ ಅದು ಸರಿಯಾಗಿಯೇ ಅಳೆಯಲ್ಪಡುತ್ತದೆ. ಹಾಗಾಗಿ ಪಿ0171 ಎಂಬ ಕೋಡ್, ಅಂದರೆ ಮಿಶ್ರಣದಲ್ಲಿ ಇಂಧನ ಕಡಿಮೆ ಎಂಬ ದೂರು ಕಂಡಾಗ ತಕ್ಷಣ ಥ್ರಾಟಲ್ ಬಾಡಿ ಬಿಚ್ಚುವುದು ಬಹುತೇಕ ವ್ಯರ್ಥ ಶ್ರಮ.

ಪರೀಕ್ಷೆಯೆಲ್ಲ ಮುಗಿದು ಥ್ರಾಟಲ್ ಬಾಡಿಯೇ ಕಾರಣವೆಂದು ತೋರಿದರೆ, ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ಗಾಳಿಯಾಡುವ ಜಾಗದಲ್ಲಿ ಕಾರು ನಿಲ್ಲಿಸಿ, ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಚ್ಚಿ ಕೆಲಸಕ್ಕೆ ತೊಡಗಿ. ಕಣ್ಣಿಗೆ ಕನ್ನಡಕ, ಕೈಗೆ ನೈಟ್ರೈಲ್ ಗ್ಲೌಸ್ ಬೇಕೇ ಬೇಕು. ಡಬ್ಬಿಯ ಮೇಲೆ ಥ್ರಾಟಲ್ ಬಾಡಿ ಕ್ಲೀನರ್ ಎಂದೇ ಬರೆದಿರಲಿ. ಕಾರ್ಬ್ಯುರೇಟರ್ ಕ್ಲೀನರ್ ಇನ್ನೂ ಖಾರವಾದದ್ದು, ಅದು ಕೆಲವು ಪ್ಲಾಸ್ಟಿಕ್ ಭಾಗಗಳನ್ನೂ ಲೇಪನಗಳನ್ನೂ ತಿನ್ನಬಲ್ಲದು. ಕ್ಲಾಂಪನ್ನು ಸಡಿಲಿಸಿ ಗಾಳಿಯ ಕೊಳವೆಯನ್ನು ತೆಗೆಯುವ ಮೊದಲು ಎಲ್ಲ ಸಂಪರ್ಕಗಳ ಒಂದು ಫೋಟೊ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು, ಏಕೆಂದರೆ ಬೆರಳಿನಷ್ಟು ದಪ್ಪದ ಒಂದು ಹೋಸನ್ನು ಮರಳಿ ಸಿಕ್ಕಿಸಲು ಮರೆತರೂ ಮೊದಲಿಗಿಂತ ಕೆಟ್ಟ ಐಡ್ಲಿಂಗ್ ನಿಮಗಾಗಿ ಕಾದಿರುತ್ತದೆ.

ಸ್ಪ್ರೇಯನ್ನು ನೇರವಾಗಿ ಥ್ರಾಟಲ್ ಬಾಡಿಯ ಬಾಯಿಗೆ ಹೊಡೆಯಬಾರದು. ನಾರು ಬಿಡದ ಬಟ್ಟೆಯನ್ನು ಅದರಿಂದ ತೋಯಿಸಿ, ತಟ್ಟೆಯ ಅಂಚನ್ನೂ ಅದು ಮುಚ್ಚಿದಾಗ ತಾಗುವ ಗೋಡೆಯ ಪಟ್ಟಿಯನ್ನೂ ಒರೆಸಬೇಕು. ಗಟ್ಟಿ ಜಿಡ್ಡಿಗೆ ಹಳೆಯ ಮೆದು ಹಲ್ಲುಜ್ಜುವ ಬ್ರಷ್ ಸಾಕು. ಹೀಗೆ ಮಾಡಿದಾಗ ಕೊಳೆ ಬಟ್ಟೆಗೆ ಅಂಟಿ ಹೊರಬರುತ್ತದೆ, ಎಂಜಿನ್ನಿನೊಳಕ್ಕೆ ಇಳಿಯುವುದಿಲ್ಲ. ಕೇಬಲ್ಲಿನಿಂದ ತೆರೆಯುವ ಹಳೆಯ ಮಾದರಿಯಲ್ಲಿ ತಟ್ಟೆಯನ್ನು ಕೈಯಿಂದ ತೆರೆದು ಹಿಡಿದು ಹಿಂಭಾಗವನ್ನು ಒರೆಸಬಹುದು. ಮೋಟಾರಿನಿಂದ ತಿರುಗುವ ಎಲೆಕ್ಟ್ರಾನಿಕ್ ಥ್ರಾಟಲ್ ಆದರೆ ವಿದ್ಯುತ್ ಸಂಪರ್ಕ ಇರುವಾಗ ಬೆರಳು ಹಾಕಲೇಬಾರದು: ತಟ್ಟೆ ಥಟ್ಟನೆ ಮುಚ್ಚಿ ಬೆರಳನ್ನು ಜಜ್ಜಬಲ್ಲದು. ಸಂಪರ್ಕ ತೆಗೆದ ಮೇಲೂ ಬಲವಂತವಾಗಿ ತಳ್ಳಿದರೆ ಒಳಗಿನ ಪ್ಲಾಸ್ಟಿಕ್ ಗಿಯರುಗಳಿಗೆ ಪೆಟ್ಟಾಗುವ ಭಯವಿದೆ. ಇಂಥದ್ದನ್ನು ಎಂಜಿನ್ನಿನಿಂದ ಬಿಚ್ಚಿ ಹೊರತೆಗೆದು, ಎರಡೂ ಕಡೆಯಿಂದ ಕಾಣುವಂತೆ ಹಿಡಿದು ಒರೆಸುವುದೇ ಲೇಸು. ಹಾಗೆ ಬಿಚ್ಚಿದಾಗ ಗ್ಯಾಸ್ಕೆಟ್ ಹೊಸದನ್ನೇ ಹಾಕಿ, ಮತ್ತು ಬೋಲ್ಟುಗಳು ಅಲ್ಯೂಮಿನಿಯಂ ಅಥವಾ ಪ್ಲಾಸ್ಟಿಕ್ ಮ್ಯಾನಿಫೋಲ್ಡಿಗೆ ಕೂರುವಂಥವು ಎಂಬುದನ್ನು ಮರೆಯದೆ ಕೈಪಿಡಿ ಹೇಳಿದಷ್ಟೇ ಬಿಗಿಯಿರಿ. ಕೆಲವು ಥ್ರಾಟಲ್ ಬಾಡಿಗಳಿಗೆ ಕೂಲಂಟ್ ಹೋಸುಗಳೂ ಸೇರಿರುತ್ತವೆ. ಬಿಸಿಯಿರುವಾಗ ಅವುಗಳ ತಂಟೆಗೆ ಹೋಗಬೇಡಿ.

ಇಲ್ಲೊಂದು ಸೂಕ್ಷ್ಮವಿದೆ. ಕೆಲವು ತಯಾರಕರು ತಟ್ಟೆ ಮತ್ತು ಗೋಡೆಯ ನಡುವಿನ ಸಂದಿಯನ್ನು ಕರಾರುವಾಕ್ಕಾಗಿ ಮುಚ್ಚಲು ಕಡು ಬೂದು ಬಣ್ಣದ ಲೇಪನ ಹಚ್ಚಿರುತ್ತಾರೆ. ಅದು ನೋಡಲು ಕೊಳೆಯಂತೆಯೇ ಇರುತ್ತದೆ. ಲೋಹ ಫಳಫಳ ಹೊಳೆಯುವ ತನಕ ಉಜ್ಜುವ ಉತ್ಸಾಹಿಗಳು ಆ ಲೇಪನವನ್ನೂ ಕಿತ್ತುಹಾಕಿ, ಎಂದಿಗೂ ಇಳಿಯದ ಐಡ್ಲಿಂಗನ್ನು ಕಟ್ಟಿಕೊಳ್ಳುತ್ತಾರೆ. ಉಕ್ಕಿನ ಬ್ರಷ್, ಸ್ಯಾಂಡ್ ಪೇಪರ್, ಚೂಪಾದ ಚಾಕು ಇವು ಯಾವುವೂ ಈ ಕೆಲಸಕ್ಕೆ ಸಲ್ಲವು. ಹಾಗೆಯೇ ತಟ್ಟೆ ಮುಚ್ಚುವಾಗ ಎಲ್ಲಿ ನಿಲ್ಲಬೇಕೋ ಅಲ್ಲಿ ಅದನ್ನು ತಡೆಹಿಡಿಯುವ ಸಣ್ಣ ಸ್ಕ್ರೂ ಕಾರ್ಖಾನೆಯಲ್ಲೇ ಹೊಂದಿಸಿಟ್ಟದ್ದು. ಐಡ್ಲಿಂಗ್ ಸರಿಪಡಿಸುವ ಸ್ಕ್ರೂ ಎಂದು ಭಾವಿಸಿ ಅದನ್ನು ತಿರುಗಿಸಬಾರದು.

ಪ್ರತ್ಯೇಕ ಐಡಲ್ ಕಂಟ್ರೋಲ್ ವಾಲ್ವ್ ಇದ್ದರೆ ಅದನ್ನು ಬಿಚ್ಚಿ, ಗಾಳಿಯ ದಾರಿಯನ್ನು ಮಾತ್ರ ಒರೆಸಬೇಕು. ಮೋಟಾರಿನ ಭಾಗವನ್ನು ದ್ರವದಲ್ಲಿ ನೆನೆಸುವುದಾಗಲಿ ಮೊನೆಯನ್ನು ಕೈಯಿಂದ ಒತ್ತುವುದಾಗಲಿ ಕೂಡದು.

ಮ್ಯಾಫ್ ಸೆನ್ಸರಿನ ವಿಷಯದಲ್ಲಿ ಇನ್ನಷ್ಟು ನಯ ಬೇಕು. ಅದರೊಳಗೆ ಬಿಸಿಯಾಗಿರುವ ಅತಿ ತೆಳುವಾದ ತಂತಿ ಅಥವಾ ಪದರವಿದ್ದು, ಹಾದುಹೋಗುವ ಗಾಳಿ ಅದನ್ನು ಎಷ್ಟು ತಣಿಸುತ್ತದೆ ಎಂಬುದರ ಮೇಲೆ ಗಾಳಿಯ ಪ್ರಮಾಣ ಲೆಕ್ಕವಾಗುತ್ತದೆ. ದೂಳಿನ ಪೊರೆ ಕಟ್ಟಿದಾಗ ಆ ತಣಿಕೆ ಕಡಿಮೆಯಾಗಿ ಸೆನ್ಸರ್ ಸುಳ್ಳು ಹೇಳತೊಡಗುತ್ತದೆ. ಇದಕ್ಕೆಂದೇ ಸಿಗುವ, ಒಣಗಿದ ಮೇಲೆ ಏನನ್ನೂ ಉಳಿಸದ ಮ್ಯಾಫ್ ಕ್ಲೀನರನ್ನು ತುಸು ದೂರದಿಂದ ಕೆಲವು ಸಲ ಚಿಮುಕಿಸಿ, ಪೂರ್ತಿ ಒಣಗಲು ಬಿಟ್ಟು ಮರಳಿ ಜೋಡಿಸಬೇಕು. ಬ್ರಷ್, ಬಟ್ಟೆ, ಬೆರಳು ಯಾವುದೂ ಅದಕ್ಕೆ ತಾಗಬಾರದು. ಥ್ರಾಟಲ್ ಬಾಡಿಗೆ ಬಳಸಿದ ಡಬ್ಬಿಯನ್ನು ಇಲ್ಲಿಗೂ ಬಳಸಬಾರದು. ಎಣ್ಣೆ ಹಚ್ಚಿ ಮರುಬಳಸುವ ಬಗೆಯ ಏರ್ ಫಿಲ್ಟರ್ ಹಾಕಿಸಿದ್ದರೆ, ಹೆಚ್ಚಾದ ಎಣ್ಣೆಯೇ ಈ ತಂತಿಗೆ ಬಂದು ಅಂಟುವ ಸಂಭವವಿರುವುದರಿಂದ ಅದನ್ನೂ ಗಮನಿಸಿ.

ಎಲ್ಲವನ್ನೂ ಜೋಡಿಸಿ ಚಾಲೂ ಮಾಡಿದಾಗ ಐಡ್ಲಿಂಗ್ ಮೊದಲಿಗಿಂತ ಏರಿರುವುದನ್ನು ಕಂಡು ಗಾಬರಿಯಾಗಬೇಕಿಲ್ಲ. ಕೊಳಕು ಸಂದಿಗೆ ಒಗ್ಗಿಹೋಗಿದ್ದ ಇಸಿಯು ಹಳೆಯ ಲೆಕ್ಕದಲ್ಲೇ ತಟ್ಟೆಯನ್ನು ಹೆಚ್ಚು ತೆರೆದಿಟ್ಟಿರುತ್ತದೆ. ಕೆಲವು ಕಾರುಗಳು ಕೆಲವೇ ದಿನಗಳ ಓಡಾಟದಲ್ಲಿ ಹೊಸ ಲೆಕ್ಕ ಕಲಿತುಕೊಳ್ಳುತ್ತವೆ; ಇನ್ನು ಕೆಲವಕ್ಕೆ, ಅದರಲ್ಲೂ ಎಲೆಕ್ಟ್ರಾನಿಕ್ ಥ್ರಾಟಲ್ ಇರುವವಕ್ಕೆ, ಕೈಪಿಡಿಯಲ್ಲಿ ಹೇಳಿದ ಕ್ರಮದಲ್ಲಿ ಅಥವಾ ಸ್ಕ್ಯಾನರಿನ ಮೂಲಕ ಮರುಕಲಿಕೆ ಮಾಡಿಸಬೇಕಾಗುತ್ತದೆ. ಕೆಲಸ ಶುರು ಮಾಡುವ ಮುನ್ನವೇ ನಿಮ್ಮ ಮಾದರಿ ಯಾವ ಗುಂಪಿಗೆ ಸೇರಿದ್ದೆಂದು ತಿಳಿದುಕೊಳ್ಳಿ.

ಇನ್ನು ವಾಲ್ವುಗಳ ಬೆನ್ನಿನ ಮಸಿಯ ಮಾತು. ಇಂಧನವನ್ನು ಇನ್‌ಟೇಕ್ ವಾಲ್ವಿನ ಹಿಂದೆ ಚಿಮುಕಿಸುವ ಪೋರ್ಟ್ ಇಂಜೆಕ್ಷನ್ ಎಂಜಿನ್ನುಗಳಲ್ಲಿ ಪೆಟ್ರೋಲೂ ಅದರಲ್ಲಿರುವ ಡಿಟರ್ಜೆಂಟೂ ವಾಲ್ವನ್ನು ಸದಾ ತೊಳೆಯುತ್ತಿರುತ್ತವೆ. ನಿಮ್ಮ ಕಾರು ಈ ಬಗೆಯದಾದರೆ ವಾಲ್ವುಗಳ ಚಿಂತೆ ಹೆಚ್ಚಾಗಿ ಅನಗತ್ಯ. ಮಿತ್ಸುಬಿಷಿ 1996ರಲ್ಲಿ ಗ್ಯಾಲಂಟ್ ಕಾರಿನಲ್ಲಿ ತಂದ ಜಿಡಿಐ ಎಂಜಿನ್ನಿನಿಂದ ಮೊದಲ್ಗೊಂಡು ಹರಡಿದ ಡೈರೆಕ್ಟ್ ಇಂಜೆಕ್ಷನ್ನಿನಲ್ಲಿ ಪೆಟ್ರೋಲ್ ನೇರ ಸಿಲಿಂಡರಿಗೇ ಬೀಳುವುದರಿಂದ ಈ ತೊಳೆತ ಇಲ್ಲ, ಮಸಿ ಕಲ್ಲಿನಂತೆ ಗಟ್ಟಿಯಾಗಿ ಬೆಳೆಯುತ್ತದೆ. ಟ್ಯಾಂಕಿಗೆ ಸುರಿಯುವ ಔಷಧಿ ಅಂಥ ವಾಲ್ವಿನ ಹತ್ತಿರವೂ ಸುಳಿಯುವುದಿಲ್ಲ. ಚಾಲೂ ಎಂಜಿನ್ನಿಗೆ ಎಳೆಸುವ ಸ್ಪ್ರೇ ಮೇಲ್ಪದರವನ್ನು ಮೆದುಗೊಳಿಸಬಹುದಾದರೂ ಹಳೆಯ ದಪ್ಪ ಹೆಪ್ಪನ್ನು ತೆಗೆಯುವುದು ಅದರಿಂದ ಆಗದು. ಮ್ಯಾನಿಫೋಲ್ಡ್ ಬಿಚ್ಚಿ, ಅಕ್ರೋಟಿನ ಸಿಪ್ಪೆಯ ಪುಡಿಯನ್ನು ಒತ್ತಡದ ಗಾಳಿಯಲ್ಲಿ ಹಾಯಿಸಿ ಕೆರೆಯುವ ವಿಧಾನವೇ ಅಲ್ಲಿ ನಂಬಲರ್ಹವಾದದ್ದು, ಮತ್ತು ಅದು ಗ್ಯಾರೇಜಿನ ಕೆಲಸ.

ಚಾಲೂ ಎಂಜಿನ್ನಿಗೆ ನೀರನ್ನೋ ಕ್ಲೀನರನ್ನೋ ಕುಡಿಸುವ ಸಾಹಸಕ್ಕೆ ಇನ್ನೊಂದು ಆತಂಕವೂ ಇದೆ. ಗಾಳಿಯನ್ನು ಅದುಮಬಹುದು, ದ್ರವವನ್ನು ಅದುಮಲಾಗದು; ಮ್ಯಾನಿಫೋಲ್ಡಿನ ತಗ್ಗಿನಲ್ಲಿ ನಿಂತ ದ್ರವ ಒಮ್ಮೆಲೇ ಸಿಲಿಂಡರಿಗೆ ನುಗ್ಗಿದರೆ ಪಿಸ್ಟನ್ ಮೇಲೇರಲಾರದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಡೀಸೆಲ್ ಎಂಜಿನ್ನಿನಲ್ಲಂತೂ ಹೀಗೆ ಸಿಂಪಡಿಸಿದ್ದು ತಾನೇ ಇಂಧನವಾಗಿ ಹೊತ್ತಿಕೊಂಡು, ಎಂಜಿನ್ ಹತೋಟಿ ಮೀರಿ ಓಡುವ ಅಪಾಯವಿದೆ. ಅಲ್ಲಿ ಇಜಿಆರ್ ವಾಲ್ವನ್ನೂ ಮ್ಯಾನಿಫೋಲ್ಡನ್ನೂ ಬಿಚ್ಚಿ ಹೊರಗಿಟ್ಟೇ ತೊಳೆಯಬೇಕು.

ಥ್ರಾಟಲ್ ಬಾಡಿ ಶುಚಿಯಾದ ಕೆಲವೇ ತಿಂಗಳಲ್ಲಿ ಮತ್ತೆ ಕಪ್ಪಾದರೆ, ಇನ್ನೊಂದು ಡಬ್ಬಿ ತರುವ ಮೊದಲು ಪಿಸಿವಿ ವಾಲ್ವನ್ನು ನೋಡಿ. ಬಿಚ್ಚಿ ಅಲ್ಲಾಡಿಸಿದಾಗ ಒಳಗಿನ ತುಂಡು ಟಕಟಕ ಎನ್ನದಿದ್ದರೆ ಆ ಬಗೆಯ ವಾಲ್ವ್ ಜಿಡ್ಡಿನಿಂದ ಕಚ್ಚಿಕೊಂಡಿದೆ ಎಂದೇ ತಿಳಿಯಬೇಕು. ಅದನ್ನು ತೊಳೆಯುವುದಕ್ಕಿಂತ ಬದಲಿಸುವುದೇ ಸುಲಭ. ವಾಲ್ವ್ ಸರಿಯಾಗಿದ್ದೂ, ಎಂಜಿನ್ ಚಾಲೂ ಇದ್ದಾಗ ಆಯಿಲ್ ಮುಚ್ಚಳ ತೆಗೆದರೆ ಹೊಗೆ ಬುಸುಗುಟ್ಟಿ ಬರುತ್ತಿದ್ದರೆ, ಪಿಸ್ಟನ್ ರಿಂಗುಗಳೇ ಸವೆದಿವೆಯೇ ಎಂದು ತಿಳಿಯಲು ಕಂಪ್ರೆಷನ್ ಪರೀಕ್ಷೆ ಮಾಡಿಸಬೇಕಾಗುತ್ತದೆ.